ಐಸ್ ಕಾರ್ಖಾನೆಯ ಬಾಡಿಗೆದಾರರಿಗೆ

ಅಧ್ಯಕ್ಷತೆ ವಹಿಸಿರುವ ಕಂಪನಿಯ ನಿರ್ದೇಶಕರೇ, ವೇದಿಕೆಯ ಮೇಲಿರುವ ಗಣ್ಯರೇ, ಹಗಲಿರುಳು ಯಂತ್ರ ಕಾಯುವ ಎಂಜಿನಿಯರುಗಳೇ, ನನ್ನ ಮಕ್ಕಳೇ, ಸೊಸೆಯರೇ, ಸಭಿಕರೇ,

ಹೂಗುಚ್ಛ ಕೊಟ್ಟಿದ್ದೀರಿ, ಸಂತೋಷ. ಉಳಿಯುವವರು ಕೊಟ್ಟದ್ದೋ, ಹೊರಡುವವರು ಕೊಟ್ಟದ್ದೋ, ಅದು ಮಾತ್ರ ತಿಳಿಯಲಿಲ್ಲ. ನಿಮ್ಮ ಡೇಟಾ ಸೆಂಟರ್ ನಮ್ಮ ಕಟ್ಟಡಕ್ಕೆ ಬಂದು ಇಂದಿಗೆ ಹತ್ತು ವರ್ಷ. ಇನ್ನು ಮುಂದೆಯೂ ಬಾಡಿಗೆಗೇ ಇರುವುದೋ, ಊರಾಚೆ ಸ್ವಂತದ್ದು ಕಟ್ಟುವುದೋ ಎಂಬುದನ್ನು ನನ್ನ ನಂತರ ನಿರ್ದೇಶಕರು ಇದೇ ಮೈಕಿನಲ್ಲಿ ಹೇಳಲಿದ್ದಾರೆ. ಆದ್ದರಿಂದ ನಾನು ಬೇಗ ಮುಗಿಸುತ್ತೇನೆಂದು ಯಾರೂ ಆಸೆಪಡಬೇಡಿ.

ನಾನು ಓದಿದ್ದು ಹೈಸ್ಕೂಲು. ಆದರೆ ತಣ್ಣಗಿಡುವ ಕೆಲಸ ನನಗೆ ಹೊಸದಲ್ಲ. ನಮ್ಮದು ಐಸ್ ಕಾರ್ಖಾನೆ. ಯಜಮಾನರು ಹೋದ ಮೇಲೆ ನಾನೇ ನಡೆಸಿದೆ. ಮನೆಮನೆಗೂ ಫ್ರಿಜ್ ಬಂದು ಐಸ್ ಕೇಳುವವರಿಲ್ಲದಾದಾಗ, ನಮ್ಮ ದಪ್ಪ ಗೋಡೆ, ದೊಡ್ಡ ಕರೆಂಟ್ ಲೈನು ನೋಡಿಕೊಂಡು ನೀವು ಬಂದಿರಿ. ಆಗ ದೊಡ್ಡ ಸೊಸೆ ಹೇಳಿದಳು: "ಅತ್ತೆ, ಮೊದ್ಲು ಮೀನು ಕೆಡದ ಹಾಗೆ ನೋಡ್ಕೋತಿದ್ವಿ, ಇನ್ಮೇಲೆ ಜನರ ಫೋಟೋ ಕೆಡದ ಹಾಗೆ ನೋಡ್ಕೊಳ್ಳೋಣ ಬಿಡಿ."

ದೊಡ್ಡ ಕಂಪನಿಗಳೆಲ್ಲ ಸ್ವಂತದ್ದು ಕಟ್ಟುತ್ತಿವೆಯಂತೆ. ಕಟ್ಟಲಿ. 'ಮನೆ ಕಟ್ಟಿ ನೋಡು' ಎಂದು ಹಿರಿಯರು ಸುಮ್ಮನೆ ಹೇಳಿದರೇ? ನಿಮ್ಮ ಕಂಪ್ಯೂಟರ್ ಯಂತ್ರ ನಾಲ್ಕು ದಿನಕ್ಕೊಂದು ರೂಪ ತಾಳುತ್ತದೆ. ಗೋಡೆಗೆ ಆ ಬುದ್ಧಿ ಇದೆಯೇ? ಮೊನ್ನೆ ಬಂದ ಹೊಸ ಯಂತ್ರಗಳು ಒಲೆಯ ಹಾಗೆ ಕಾಯುತ್ತವೆ, ಗಾಳಿ ಸಾಲದು, ನೀರಿನ ಪೈಪು ಬೇಕು ಎಂದಿರಿ. ದೊಡ್ಡ ಮಗ ನೆಲ ಅಗೆಸಿ ಹಾಕಿಸಿಕೊಟ್ಟ. ಚಾವಣಿ ಸೋರಿದರೆ ನೇರ ನಮ್ಮ ಅಡುಗೆಮನೆಗೇ ಬಂದು ನನ್ನ ಮೇಲೆ ರೇಗುತ್ತೀರಿ. ಸ್ವಂತದ್ದಾದರೆ ಯಾರ ಮೇಲೆ ರೇಗುತ್ತೀರಿ?

ಇದನ್ನೆಲ್ಲ ಕಳೆದ ವಾರ ನಿರ್ದೇಶಕರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಅಮ್ಮಾ, ಸ್ವಂತ ಕಟ್ಟಡ ಆದ್ರೆ ಯಾರೂ ನಮ್ಮನ್ನ ಖಾಲಿ ಮಾಡಿಸೋ ಹಾಗಿಲ್ಲ" ಎಂದರು.

"ನಾನು ಖಾಲಿ ಮಾಡಿಸ್ತೀನಾ?"

"ನೀವು ಮಾಡಿಸಲ್ಲ. ನಿಮ್ಮ ನಂತರ?"

ನನ್ನೆದುರು ಹಾಗೆ ಮಾತಾಡಿದವರಿಲ್ಲ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಪಾಪ, ಅವರಿನ್ನೂ ಕುಡಿದಿರಲಿಲ್ಲ.

ಆ ಪ್ರಶ್ನೆ ಅವರು ಸುಮ್ಮನೆ ಕೇಳಿದ್ದಲ್ಲ. ಕಟ್ಟಡ ನಮ್ಮ ಮೂವರ ಹೆಸರಿನಲ್ಲಿದೆ: ನನ್ನದು, ದೊಡ್ಡವನದು, ಚಿಕ್ಕವನದು. "ಮಾರಿ ಭಾಗ ಮಾಡ್ಕೊಳ್ಳೋಣಮ್ಮ, ಅವರವರ ಪಾಡಿಗೆ ಅವರವರು ಇರೋಣ" ಎನ್ನುತ್ತಾನೆ ಚಿಕ್ಕವನು. "ಅವನಿಗೆ ಅಷ್ಟು ಭಾರವಾದ್ರೆ ಇವತ್ತೇ ಹೋಗ್ಲಿ" ಎನ್ನುತ್ತಾನೆ ದೊಡ್ಡವನು. ನಮ್ಮ ಮನೆಯಲ್ಲಿ ಈಗ ಒಬ್ಬ ಎದ್ದ ಮೇಲೆ ಇನ್ನೊಬ್ಬ ಊಟಕ್ಕೆ ಕೂರುತ್ತಾನೆ. ಇದನ್ನು ಇಲ್ಲಿ ಹೇಳಬಾರದಿತ್ತು. ಹೇಳಿಯಾಯಿತು. ನೀವು ಹೊರಟ ದಿನ ಕಟ್ಟಡ ಮಾರಾಟವಾಗುತ್ತದೆ. ಕಟ್ಟಡ ಮಾರಿದ ದಿನ ಮನೆ ಎರಡಾಗುತ್ತದೆ. ನನ್ನ ಚಿಂತೆ ಬಾಡಿಗೆಯದೆಂದು ತಿಳಿದಿದ್ದಿರಾ?

ನಿರ್ದೇಶಕರೇ, ವರ್ಷವರ್ಷದ ಈ ಕರಾರು ಇನ್ನು ಸಾಕು. ಇಪ್ಪತ್ತು ವರ್ಷಕ್ಕೆ ಬರೆಯಿರಿ. ನಡುವೆ ಖಾಲಿ ಮಾಡಿಸುವ ಹಕ್ಕು ನಮಗಿಲ್ಲವೆಂದೂ ಬರೆಯಿರಿ. ಅದು ನನ್ನ ನಂತರವೂ ನಡೆಯುವ ಮಾತಾಗಬೇಕಾದರೆ ಮೂವರೂ ಒಪ್ಪಬೇಕು. ಮಕ್ಕಳೇ, ಒಪ್ಪಿಗೆಯಿದ್ದರೆ ಈ ಸಭೆಯ ಮುಂದೆ ಎದ್ದು ನಿಲ್ಲಿ.

ದೊಡ್ಡವನು ಎದ್ದ. ಒಳ್ಳೆಯದು.

ಚಿಕ್ಕವನೇ, ಕೊನೆಯ ಸಾಲಿನಲ್ಲಿ ಕೂತರೆ ಅಮ್ಮನಿಗೆ ಕಾಣುವುದಿಲ್ಲ ಎಂದುಕೊಂಡೆಯಾ? ಚಿಕ್ಕ ಸೊಸೆ, ಅವನ ತೋಳು ಎಳೆಯಬೇಡಮ್ಮ. ತಾನಾಗಿ ಏಳಲಿ. ದೊಡ್ಡವನೇ, ನೀನು ಮುಂದೆ ನೋಡುತ್ತ ನಿಂತರೆ ಹೇಗೆ? ಹಿಂದೆ ತಿರುಗು. ತಮ್ಮನನ್ನು ನೋಡು. ಕರೆ ಅವನನ್ನು.

ನಿರ್ದೇಶಕರೇ, ಮೈಕಿಗೆ ಕೈ ಚಾಚಬೇಡಿ, ಸ್ವಲ್ಪ ತಡೆಯಿರಿ. ಇಷ್ಟು ಹೊತ್ತು ನನ್ನ ಮಾತು ಸಹಿಸಿಕೊಂಡ ನಿಮಗೆಲ್ಲರಿಗೂ ನಾನು ಋಣಿ. ಭಾಷಣ ಮುಗಿದಿದೆ. ಆದರೆ ಅವನು ಏಳುವವರೆಗೆ ನಾನು ಕೂರುವುದಿಲ್ಲ.

ನಮಸ್ಕಾರ.