ಸದ್ದು ಮಾಡದ ಕಾರಿನ ಮೇಲೆ ನನ್ನ ದೂರು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಎಡಬಲದ ಅತಿಥಿಗಳೇ, ಉಗುರಿನ ಗ್ರೀಸು ಪೂರ್ತಿ ಹೋಗದಿದ್ದರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿರುವ ನನ್ನ ಮೆಕ್ಯಾನಿಕ್ ಬಂಧುಗಳೇ, ಸಭಿಕರೇ,

ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದ್ದಕ್ಕೆ ನನಗೆ ಸನ್ಮಾನ ಮಾಡಿದ್ದೀರಿ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಟ್ಟು ಕಾಯಿಲೆ ಹೇಳುವ ‘ಕಿವಿ ಮೇಸ್ತ್ರಿ’ ಎಂದು ಹೊಗಳಿದ್ದೀರಿ. ಸಂತೋಷ. ಜೊತೆಗೆ ಮಾತಾಡಲು ಒಂದು ವಿಷಯವನ್ನೂ ಕೊಟ್ಟಿದ್ದೀರಿ: ಸ್ವಂತಕ್ಕೆ ಓಡಿಸುವವರಿಗೆ ಸಣ್ಣ ಎಲೆಕ್ಟ್ರಿಕ್ ಕಾರು ಬೇಕೇ? ಬೇಡ! ಇಷ್ಟು ಹೇಳಿ ಕುಳಿತುಬಿಡಬಹುದಿತ್ತು. ಹೊಟ್ಟೆಯೊಳಗಿನ ಉರಿ ಬಿಡುತ್ತಿಲ್ಲ.

ಅದೂ ಒಂದು ಕಾರೇ, ಸ್ವಾಮಿ? ಹಿಂದಿನ ಸೀಟಿನಲ್ಲಿ ಕುಳಿತರೆ ಮಂಡಿ ಬಂದು ಗದ್ದಕ್ಕೆ ತಾಗುತ್ತದೆ. ಡಿಕ್ಕಿಯಲ್ಲಿ ಎರಡು ಚೀಲ ಇಟ್ಟರೆ ಮೂರನೆಯದು ನಮ್ಮ ತೊಡೆಯ ಮೇಲೆ. ದೂರದ ಊರಿಗೆ ಹೊರಟರೆ ದಾರಿಯುದ್ದಕ್ಕೂ ಪ್ಲಗ್ಗು ಹುಡುಕಬೇಕು. ಆಯಿಲ್ ಬದಲಿಸುವಂತಿಲ್ಲ, ಫಿಲ್ಟರ್ ತೊಳೆಯುವಂತಿಲ್ಲ. ಬಾನೆಟ್ ಎತ್ತಿದರೆ ಒಳಗೆ ಮುಚ್ಚಿದ ಪೆಟ್ಟಿಗೆ! ನಾವೇನು ಅದರ ಧೂಳು ಒರೆಸಿಕೊಂಡು ಕೂರಬೇಕೇ?

ಇಂಥದ್ದನ್ನು ನನ್ನ ಮಗಳೇ ತಂದು ಅಂಗಳದಲ್ಲಿ ನಿಲ್ಲಿಸಿದಳು. ಅವಳು ಮನೆಮನೆಗೆ ಹೋಗಿ ರೋಗಿಗಳ ಗಾಯ ತೊಳೆದು ಕಟ್ಟುವ ನರ್ಸು. ನನ್ನನ್ನೊಂದು ಮಾತು ಕೇಳಲಿಲ್ಲ. ಕಿವಿ ಮೇಸ್ತ್ರಿಯ ಮಗಳು! “ತಲೆ ಕೆಟ್ಟಿದೆಯೇನೇ ನಿಂಗೆ?” ಎಂದೆ. “ಅಪ್ಪಾ, ನಾನು ದಿನಕ್ಕೆ ಓಡಿಸೋದು ಮೂವತ್ತೈದು ಕಿಲೋಮೀಟರು. ಹೋಗೋಳು ನಾನೊಬ್ಬಳು, ಜೊತೆಗೊಂದು ಔಷಧಿ ಚೀಲ. ಇಷ್ಟಕ್ಕೆ ಲಾರಿ ತರ್ಲಾ?” ಎಂದಳು. ನೋಡಿ ಮಾತು! ದಾರಿ ಮಧ್ಯೆ ನಿಂತಾಗ ಬುದ್ಧಿ ಬರುತ್ತದೆ ಎಂದು ಕಾದೆ. ಏಳು ತಿಂಗಳಾಯಿತು, ಹಾಳಾದ್ದು ಒಂದು ದಿನವೂ ನಿಲ್ಲಲಿಲ್ಲ.

ನನ್ನ ಮುಖ್ಯ ದೂರು ಅದಲ್ಲ. ಆ ಕಾರಿಗೆ ಸದ್ದೇ ಇಲ್ಲ! ಸದ್ದಿಲ್ಲದ ಗಾಡಿಯನ್ನು ಜನರ ನಡುವೆ ಬಿಡುವುದು ಯಾವ ನ್ಯಾಯ? ಮೊನ್ನೆ ಅದು ರಿವರ್ಸ್ ಬಂದು ನನ್ನ ಮೊಣಕಾಲಿಗೆ ತಾಗಿತು. ಬೀದಿ ಒಂದಾಗುವ ಹಾಗೆ ಕೂಗಾಡಿದೆ. ಆಗ ಎದುರುಮನೆಯ ದರ್ಜಿ ಏನೆಂದ ಗೊತ್ತೇ? “ಹಿಂದಕ್ಕೆ ಬರುವಾಗ ಅದು ಕುಯ್ಯೋ ಅನ್ನುತ್ತಲ್ಲ ಮೇಸ್ತ್ರಿ, ನನ್ನ ಮಿಷನ್ ಗಲಾಟೇಲೂ ನಂಗೆ ಕೇಳಿಸ್ತು!” ಸುಳ್ಳ! ಅವನ ಹೆಂಡತಿಯೂ ಕೇಳಿಸಿತೆಂದಳು. ಸುಳ್ಳಿ! ಮೂರನೇ ಮನೆಯ ಅಜ್ಜಿಗೂ ಕೇಳಿಸಿತಂತೆ. ಎಂಬತ್ತು ದಾಟಿದ ಅಜ್ಜಿ ಸುಳ್ಳು ಹೇಳುತ್ತಾರೆಯೇ? ಬೀದಿಗೆ ಬೀದಿಯೇ ಸೇರಿ ನನ್ನ ಮೇಲೆ ಪಿತೂರಿ ಮಾಡಿತೇ?

ನಾನೂ ಬಿಡಲಿಲ್ಲ. ಕಾರನ್ನು ಜಾಕ್ ಮೇಲೆ ಎತ್ತಿ, ಮಗಳನ್ನು ಒಳಗೆ ಕೂರಿಸಿ, ಮೋಟರಿಗೆ ಸ್ಕ್ರೂಡ್ರೈವರ್ ಇಟ್ಟು ಕಿವಿಗೊಟ್ಟೆ. “ಸ್ಟಾರ್ಟ್ ಮಾಡೇ!” ಎಂದು ಗದರಿದೆ. ತಲೆ ಎತ್ತಿ ನೋಡಿದರೆ ಚಕ್ರ ಆಗಲೇ ತಿರುಗುತ್ತಿತ್ತು. ಮಗಳು ಇಳಿದು ಬಂದು, “ಅಪ್ಪಾ, ಕಿವಿ ಡಾಕ್ಟರ ಹತ್ರ ಹೋಗೋಣ ಬಾ, ನಾನೇ ಕರ್ಕೊಂಡು ಹೋಗ್ತೀನಿ” ಎಂದಳು. “ನಿನ್ನ ಡಬ್ಬದಲ್ಲಿ ನಾನು ಕೂರಲ್ಲ” ಎಂದುಬಿಟ್ಟೆ.

ಅಧ್ಯಕ್ಷರೇ, ಚೀಟಿ ಕಳಿಸಬೇಡಿ. ಇಷ್ಟು ಹೇಳಿದವನು ಉಳಿದದ್ದನ್ನೂ ಹೇಳುತ್ತೇನೆ. ಹೋದ ತಿಂಗಳು ನಮ್ಮ ಗಣಿತದ ಮೇಷ್ಟ್ರು ತಮ್ಮ ಪೆಟ್ರೋಲ್ ಕಾರು ತಂದು, “ಮುಂದಿನ ಚಕ್ರದಲ್ಲಿ ಗೊರಗೊರ ಅಂತಿದೆ, ಸ್ವಲ್ಪ ನೋಡಿ” ಎಂದರು. ನಾನು ಕಿವಿಗೊಟ್ಟೆ. “ಏನೂ ಇಲ್ಲ, ನಿಮ್ಮ ಭ್ರಮೆ ಮೇಷ್ಟ್ರೇ” ಎಂದು ಕಳಿಸಿದೆ. ಮೂರನೇ ದಿನ ತಿರುವಿನಲ್ಲಿ ಬೇರಿಂಗ್ ಒಡೆದು ಚಕ್ರ ಬಿಗಿದುಕೊಂಡು ಕಾರು ಚರಂಡಿಗೆ ಬಿತ್ತು. ಅವರ ತೋಳು ಸೀಳಿತು. ಬೇರಿಂಗೇ ಕಳಪೆ ಮಾಲು ಎಂದು ನಿಮಗೆಲ್ಲ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. “ಮೇಸ್ತ್ರಿಗೇ ಕೇಳಿಸಲಿಲ್ಲ ಅಂದ್ಮೇಲೆ ಯಾರಿಗೆ ಕೇಳಿಸುತ್ತೆ ಬಿಡಿ” ಎಂದು ಮೇಷ್ಟ್ರು ಹೇಳಿ ಕಳಿಸಿದರು. ಅದಕ್ಕಿಂತ ನಾಲ್ಕು ಬೈದಿದ್ದರೆ ನನಗೆ ಒಂದು ತುತ್ತು ಅನ್ನ ಸೇರುತ್ತಿತ್ತು. ದಿನಾ ಅವರ ಗಾಯಕ್ಕೆ ಕಟ್ಟು ಬದಲಿಸಿ ಬರುವವಳು ನನ್ನ ಮಗಳೇ, ಅದೇ ಡಬ್ಬದಲ್ಲಿ.

ನಿಮ್ಮ ಪ್ರಶ್ನೆಗೆ ಉತ್ತರ ಬಾಕಿಯಿದೆ. ದಿನಾ ಅದದೇ ದಾರಿ, ಮನೆಯಲ್ಲೇ ಪ್ಲಗ್ಗು ಇರುವವರು ಆ ಸಣ್ಣ ಕಾರನ್ನು ಧಾರಾಳವಾಗಿ ಕೊಳ್ಳಲಿ. ಊರೂರು ಸುತ್ತುವವರಿಗೆ, ಮನೆ ತುಂಬ ಮಂದಿಯಿರುವವರಿಗೆ ಬೇಡವೇ ಬೇಡ. ಹೇಳಲು ಬಾಯಿ ಬರುತ್ತಿಲ್ಲ, ಆದರೂ ಹೇಳಿದೆ. ಇನ್ನು ಮೇಲೆ ಯಾರ ಗಾಡಿಯನ್ನೂ ಸರಿಯಿದೆ ಎಂದು ನಾನು ಕಳಿಸುವುದಿಲ್ಲ. ನನ್ನ ಮಾತು ನಂಬಿ ಹೋದವರು ದಯವಿಟ್ಟು ನಾಳೆಯೇ ಬೇರೆಯವರ ಹತ್ತಿರ ತೋರಿಸಿ.

“ಡಾಕ್ಟರು ಐದಕ್ಕೆ ಬರಹೇಳಿದ್ದಾರೆ. ಸಭೆ ಬಾಗಿಲಿಗೆ ಬಂದು ಹಾರ್ನ್ ಹೊಡೀತೀನಿ, ಬರೋದು ಬಿಡೋದು ನಿನ್ನಿಷ್ಟ” ಎಂದು ಬೆಳಿಗ್ಗೆ ಮಗಳು ಹೇಳಿದ್ದಳು. ಈಗ ನೀವೆಲ್ಲರೂ ಒಟ್ಟಿಗೆ ಬಾಗಿಲ ಕಡೆ ತಿರುಗಿ ನೋಡಿದಿರಿ. ಹಾಗಾದರೆ ಅವಳು ಬಂದಿದ್ದಾಳೆ. ಹಿಂದಿನ ಸಾಲಿನವರು ಯಾರಾದರೂ ಹೋಗಿ, ನಿಮ್ಮಪ್ಪ ಬರುತ್ತಿದ್ದಾನೆ ಎಂದು ಹೇಳಿಬಿಡಿ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆ ಕೃತಜ್ಞತೆಗಳು, ನಮಸ್ಕಾರ.