ಎರಡು ವರ್ಷಕ್ಕೊಮ್ಮೆಯೋ, ದಿನಾಲೂನೋ

ಮೊದಲು ಮಗು ತಲೆ ಮೇಲೆ ಕೈ ಇಟ್ಟು ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ... ಮಲಗಿದ್ರೇನಾಯ್ತು, ಮೆಲ್ಲಗೆ ಇಡು. ಹಾಂ. ಈಗ ಕೇಳು.

ಕೆಳಗಡೆ ಕಸೂತಿ ಅಂಗಡಿ ಅಕ್ಕ-ತಂಗಿ ಇದಾರಲ್ಲ, ಬೇರೆ ಆಗ್ತಿದಾರೆ. ಯಾತಕ್ಕೆ ಅಂತೀಯ? ಕಂಪ್ಯೂಟರ್ ಒಳಗಿರೋ ಲಿನಕ್ಸಿಗೆ. ನಗಬೇಡ ಕಣೇ, ನಿಜ.

ಲಿನಕ್ಸ್ ಅಂದ್ರೇನು ಅಂತ ನನ್ನ ಕೇಳಬೇಡ. ಅದಿಲ್ದೆ ಕಂಪ್ಯೂಟರ್ ಏಳಲ್ಲ, ಕಂಪ್ಯೂಟರ್ ಇಲ್ದೆ ಕಸೂತಿ ಮಿಷನ್ ಓಡಲ್ಲ, ಅಷ್ಟೇ. ಅದರಲ್ಲಿ ಎರಡು ಜಾತಿಯಂತೆ. ಒಂದು, ಎರಡು ವರ್ಷಕ್ಕೊಮ್ಮೆ ಹೊಸದು ಬರೋದು. ಅಲ್ಲೀವರೆಗೂ ಬರೀ ತೇಪೆ ಹಾಕ್ಕೊಂಡು ಇದ್ದ ಹಾಗೇ ಇರುತ್ತೆ. ಇನ್ನೊಂದು, ದಿನಾ ಚೂರುಚೂರು ಹೊಸದಾಗ್ತಾನೇ ಇರೋದು, ಅದಕ್ಕೆ ಕೊನೆನೇ ಇಲ್ಲ. ದೊಡ್ಡವಳಿಗೆ ಮೊದಲನೇದು, ಅಂಗಡಿ ಕಂಪ್ಯೂಟರಲ್ಲಿ ಇರೋದೂ ಅದೇ. ಹನ್ನೆರಡು ವರ್ಷದಿಂದ ಅದೇ ಜಡೆ, ಅದೇ ಕನ್ನಡಕ, ಅವಳಿಗೆ ಇನ್ನೇನು ಒಗ್ಗುತ್ತೆ? ಚಿಕ್ಕವಳಿಗೆ ಎರಡನೇದು. ಮುಖ ತೊಳೆಯೋಕೆ ಮುಂಚೆ ಲ್ಯಾಪ್‌ಟಾಪಿಗೆ ಏನೇನೋ ಇಳಿಸ್ಕೋತಾಳೆ, ಆಮೇಲೆ ಮಧ್ಯಾಹ್ನದವರೆಗೆ ಏನು ಕೆಟ್ಟಿತು ಅಂತ ಹುಡುಕ್ತಾಳೆ. ಎರಡು ವರ್ಷ ಕಾದು ಒಂದೇ ಸಲ ದಬ್ಬಂತ ಬೀಳೋದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಎಡವೋದು ವಾಸಿ ಅಂತ ವಾದ ಬೇರೆ. ಒಬ್ಬಳು ತುಕ್ಕು ಹಿಡಿದ ಚಿಲಕ, ಇನ್ನೊಬ್ಬಳು ಉಕ್ಕೋ ಹಾಲು.

ಶಾಲೆಯಿಂದ ಇನ್ನೂರು ಬ್ಯಾಡ್ಜ್ ಆರ್ಡರ್ ಬಂದಿತ್ತು. ಮುಗಿಯೋವರೆಗೆ ಅಂಗಡಿ ಕಂಪ್ಯೂಟರಲ್ಲಿ ಏನೂ ಬದಲಾಯ್ಸಲ್ಲ ಅಂತ ಚಿಕ್ಕವಳು ಮಾತು ಕೊಟ್ಟಿದ್ಲು. ನಿನ್ನೆ ಅಕ್ಕ ಶಾಲೆಗೆ ಹೋಗಿ ಬರ್ತಾಳೆ, ಎರಡು ವರ್ಷದ ಹೊಸದು ಒಳಗೆ ಇಳಿದು ಕೂತಿದೆ. ಮಿಷನ್ ಗುರುತೇ ಸಿಗ್ತಿಲ್ಲ ಅದಕ್ಕೆ. ಅರವತ್ತನೇ ಬ್ಯಾಡ್ಜಿಗೆ ಸೂಜಿ ನಿಂತುಹೋಗಿದೆ. ತಂಗಿ ನಾನಲ್ಲ ಅಂದ್ಲಂತೆ. ಅಕ್ಕ ಹೇಳಿದ್ದು ಒಂದೇ ಮಾತು. "ನಾಳೆಯಿಂದ ಈ ಅಂಗಡಿ ಮೆಟ್ಟಿಲು ಹತ್ತಬೇಡ."

ಆಗಬೇಕು ಅವಳಿಗೆ. ಅವಳಲ್ದೆ ಇನ್ಯಾರು? ಹಾಗೆ ನೋಡಿದ್ರೆ ಕಂಪ್ಯೂಟರಲ್ಲಿ ಏನೋ ಬರೆದಿರೋ ಆ ಚೌಕ ಬಂದು ಕೂತ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ ಅನ್ನು. ಬ್ಯಾಡ್ಜಿನ ಹಕ್ಕಿ ಹೇಗೆ ಮೂಡುತ್ತೆ ಅಂತ ಪರದೇಲಿ ನೋಡೋಣ ಅಂದ್ರೆ ಸರಿಯಾಗಿ ಅದರ ಮೂತಿ ಮೇಲೇ...

ಏನು? ಯಾಕೆ ಹಾಗೆ ನೋಡ್ತೀಯ?

ನಿನ್ನೆ ಚಿಕ್ಕವಳು, ದಾರ ತರ್ತೀನಿ, ಅಂಗಡೀಲಿ ಸ್ವಲ್ಪ ಕೂತಿರಿ ಆಂಟಿ ಅಂದ್ಲು, ಕೂತಿದ್ದೆ. ಅವಳು ಒಂದು ಗಂಟೆ ಮಾಡಿದ್ಲು. ಆಮೇಲೆ ಕೇಳಿದ್ಲು, ಏನಾದ್ರೂ ಒತ್ತಿದ್ರಾ ಅಂತ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೋಳು, ನಂಗೇನಮ್ಮ ಗೊತ್ತು ಅಂದೆ. ನಂಬಿದ್ಲು, ಪೆದ್ದು. ಅಕ್ಕನ ಮುಂದೆ ನನ್ನ ಹೆಸರೂ ಎತ್ತಲಿಲ್ಲ.

ಬೈಬೇಕಾದ್ರೆ ಬೈಯಿ... ಏನು ಬರೆದಿತ್ತೋ ನಂಗೆ ಓದೋಕೆ ಬರುತ್ತಾ? ಎರಡು ಗುಂಡಿ ಇತ್ತು. ಚೌಕ ತೊಲಗಲಿ ಅಂತ ದೊಡ್ಡದನ್ನ ಒತ್ತಿದೆ. ಪರದೆ ಕಪ್ಪಾಯ್ತು, ಮತ್ತೆ ಬೆಳಕಾಯ್ತು. ಸರಿಹೋಯ್ತು ಅಂದ್ಕೊಂಡೆ ಕಣೇ, ದೇವರಾಣೆಗೂ.

ಯಾರೋ ಬರ್ತಿದಾರೆ... ಚಿಕ್ಕವಳೇ. ಪೆಟ್ಟಿಗೆ ಎಳ್ಕೊಂಡು ಬರೋ ಸದ್ದು. ಹೇಳಿ ಹೋಗೋಕೆ ಬಂದಿರ್ತಾಳೆ. ಎಲ್ಲಿಗೆ ಏಳ್ತೀಯ? ಬಾಗಿಲು ತೆಗೀಬೇಡ. ಒಂದು ನಿಮಿಷ ಇರು, ನಾನು ಮೊದಲು ಅವಳಿಗೇನು ಹೇಳೋದು ಅಂತ...