ರೊಸಾಲಿನ್ ಬಿಟ್ಟುಕೊಟ್ಟ ಗುರುವಾರ

ರೊಸಾಲಿನ್‌ಳ ಯಜಮಾನರಾದ ಹ್ಯೂಬರ್ಟ್ ಅವರೇ, ಮಗಳು ಆನ್ಸಿ, ನಮ್ಮ ಆಸ್ಪತ್ರೆಯ ಎಲ್ಲ ಬಂಧುಗಳೇ — ನಮಸ್ಕಾರ. ನಾನು ಕುಶಲಾ. ಹೆರಿಗೆ ವಾರ್ಡಿನಲ್ಲಿ ರೊಸಾಲಿನ್ ಸಿಸ್ಟರ್ ಜೊತೆ ದುಡಿದವಳು, ಜಗಳವಾಡಿದವಳು. ಈಗಷ್ಟೇ ಮಾತಾಡಿದ ಹಿರಿಯರು, "ಆಕೆಗೆ ಎಲ್ಲ ಧರ್ಮವೂ ಒಂದೇ" ಎಂದರು. ಕ್ಷಮಿಸಿ — ಅಲ್ಲ! ಖಂಡಿತ ಅಲ್ಲ! "ನನ್ನ ದೇವರೇ ಸತ್ಯ, ಬೇರೆ ಇಲ್ಲ" ಎಂದು ನನ್ನ ಮುಖಕ್ಕೇ ಹೇಳಿದವಳು ಅವಳು. ಹೋದವರ ಬಗ್ಗೆ ಸುಳ್ಳು ಹೇಳಬಾರದು.

ನನ್ನ ಮಗ ಮೋಕ್ಷಿತ್ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ನಾನೊಂದು ಹರಕೆ ಹೊತ್ತಿದ್ದೆ — ಅವನು ಎದ್ದರೆ ನಾಗರಪಂಚಮಿಯಂದು ವಾಮಂಜೂರಿನ ನಮ್ಮ ಕುಟುಂಬದ ನಾಗಬನದಲ್ಲಿ ನಾನೇ ನಿಂತು ನಾಗನಿಗೆ ತಂಬಿಲದ ಪೂಜೆ ಮಾಡಿಸುತ್ತೇನೆ ಎಂದು. ಮಗ ಎದ್ದ. ಪಂಚಮಿ ಬಂತು — ನನಗೆ ಡ್ಯೂಟಿ! ಎಲ್ಲರ ಕಾಲು ಹಿಡಿದೆ. "ಎಲ್ಲ ದೇವರೂ ಒಂದೇ, ಇಲ್ಲೇ ಕೈ ಮುಗಿ" ಎಂದವರೇ ಎಲ್ಲರೂ. ನನ್ನ ಡ್ಯೂಟಿ ಮಾತ್ರ ಯಾರಿಗೂ ಬೇಡ.

ಅಂದು ಗುರುವಾರ. ಗುರುವಾರ ಎಂದರೆ ರೊಸಾಲಿನ್‌ಗೆ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರ — ಮಳೆ ಬರಲಿ, ಬಂದ್ ಇರಲಿ, ತಪ್ಪಿಸಿದವಳಲ್ಲ. ಅವಳೇ ಬಂದು ಹೇಳಿದಳು: "ನೀನು ಹೋಗು ಮಾರಾಯ್ತಿ, ನಾನು ಮಾಡ್ತೇನೆ. ನಿನ್ನ ನಾಗನನ್ನು ನಾನು ನಂಬುವುದಿಲ್ಲ. ಆದ್ರೆ ದೇವರಿಗೆ ಕೊಟ್ಟ ಮಾತು ಅಂದ್ರೆ ಎಂತ ಅಂತ ನನಗೆ ಗೊತ್ತುಂಟು."

ಕೇಳಿದಿರಾ?

ಸಂಜೆ ಓಡೋಡಿ ಬಂದು ಪ್ರಸಾದದ ಬಾಳೆಹಣ್ಣು ಕೊಟ್ಟೆ. ಅವಳು ಹೀಗೆ — ಎರಡೂ ಕೈ ಹಿಂದಕ್ಕೆ! "ಬೇಡ." ನನಗೆ ಮೈಯೆಲ್ಲ ಉರಿದುಹೋಯಿತು. "ನಿನಗೆಂತ ಇಷ್ಟು ಅಹಂಕಾರ?" ಎಂದೆ.

"ಬರೀ ಹಣ್ಣು ಅಂತ ತಿಂದ್ರೆ ನಿನಗೆ ಮೋಸ, ಪ್ರಸಾದ ಅಂತ ತಿಂದ್ರೆ ನನ್ನ ದೇವರಿಗೆ ಮೋಸ. ಅದಿರಲಿ, ಮನೆಯಲ್ಲಿ ಅರಿಶಿನ ಎಲೆಯ ಗಟ್ಟಿ ಮಾಡಿದ್ದೀಯಲ್ಲ, ಅದೆಲ್ಲಿ?"

ಎಲೆಯಲ್ಲಿ ಬೇಯಿಸಿದ ಆ ಸಿಹಿ ಕಡುಬಿನ ಇಡೀ ಟಿಫಿನ್ ಖಾಲಿ ಮಾಡಿದಳು, ಪುಣ್ಯವಂತೆ!

ಕಳೆದ ತಿಂಗಳು ಕಾಯಿಲೆಯ ಹಾಸಿಗೆಯಲ್ಲಿ ನನ್ನ ಕೈ ಹಿಡಿದು ಅತ್ತಳು. ನೋವಿಗಲ್ಲ. "ಕುಶಲಾ, ನಾನು ಹೋಗುವಲ್ಲಿಗೆ ನಿನ್ನನ್ನು ಬಿಡ್ಲಿಕ್ಕಿಲ್ಲ ಅಂತ ಹೆದರಿಕೆ ಆಗ್ತದೆ." ನನಗೂ ಅಳು ತಡೆಯಲಾಗಲಿಲ್ಲ. "ಹೋಗಿ ನೀನೇ ಕೇಳಿ ನೋಡು ಮಾರಾಯ್ತಿ" ಎಂದೆ. "ಕೇಳ್ತೇನೆ. ಜಗಳ ಮಾಡಿಯಾದ್ರೂ ಕೇಳ್ತೇನೆ" ಎಂದಳು.

ಅವಳ ಸ್ವರ್ಗವನ್ನು ನಾನು ನಂಬಿದವಳಲ್ಲ. ಇವತ್ತು ಮಾತ್ರ ಅದು ಇದ್ದೇ ಇರಲಿ ಎಂದು ಬೇಡುತ್ತಿದ್ದೇನೆ — ಅವಳಿಗಾಗಿ! ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವಳು ಈಗ ಅಲ್ಲಿ ಬಾಗಿಲಲ್ಲೇ ನಿಂತು ನನಗಾಗಿ ವಾದಿಸುತ್ತಿರಬಹುದು. ಸ್ವಲ್ಪ ಹೊತ್ತು ನಾವು ಸುಮ್ಮನಿರೋಣ — ಅವಳು ಮಾತಾಡಲಿ.